ಇಲ್ಲದ ಕಾರ್ಡು ಹಾಕಿದ ಸಹಿಗಳು

ನಾನು ಡ್ರೈವರ್ ಆಗಿ ನಿವೃತ್ತಳಾದವಳು ಎಂದು ಆಲೂರು ಬಸ್ ನಿಲ್ದಾಣದಲ್ಲಿ ಈಗಲೂ ನಂಬುವವರಿದ್ದಾರೆ. ತಪ್ಪು ಅವರದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸ್ಸಿನ ಕಂಡಕ್ಟರೊಬ್ಬರು ಏನು ಉದ್ಯೋಗ ಎಂದು ಕೇಳಿದಾಗ ನಾನು ಇದ್ದದ್ದನ್ನೇ ಹೇಳಿದ್ದೆ.

"ಡ್ರೈವರ್ ಬರೀತೀನಿ."

"ಯಾವ ಗಾಡಿಗೆ?"

"ಗಾಡಿಗಲ್ಲ. ವರ್ಚುಯಲ್ ಮಷೀನಿಗೆ. ಅಂದ್ರೆ ಕೆಲಸ ಮಾಡುತ್ತೆ, ಆದ್ರೆ ನಿಜವಾಗಿ ಇರಲ್ಲ, ಅಂಥ ಮಷೀನು."

ಅವರು ಚಿಲ್ಲರೆ ಕೈಗಿಟ್ಟು, "ಹಂಗಾದ್ರೆ ಡೀಸೆಲ್ ಖರ್ಚಿಲ್ಲ ಬಿಡಿ," ಎಂದು ಮುಂದಿನ ಸೀಟಿಗೆ ಹೋದರು. ನನ್ನ ವೃತ್ತಿಯ ಬಗ್ಗೆ ಆಮೇಲೆ ದೊಡ್ಡ ದೊಡ್ಡವರಿಂದ ಕೇಳಿದ ಮಾತುಗಳಲ್ಲಿ ಇಷ್ಟು ಖಚಿತವಾದದ್ದು ಕಡಿಮೆ.

ಈಗ ಅದೇ ಕೆಲಸಕ್ಕೆ ಸೇರಿರುವ ಮೂವರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. ಯಾವ ಪುಸ್ತಕ ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು ಕೇಳಿದರು. ಅವೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣ ಎಂದು ಕುಳಿತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಇಲ್ಲಿ ಬರುವುದಿಲ್ಲ. ಪ್ರತಿ ಬಡ್ತಿಗೂ ಕುರ್ಚಿಯ ಬೆನ್ನು ಒಂದಿಷ್ಟು ಎತ್ತರವಾಯಿತು, ಅಷ್ಟೆ.

ನಮ್ಮದು ದೊಡ್ಡ ಊರಿನಲ್ಲಿ ಮುಖ್ಯ ಕಚೇರಿ ಇದ್ದ ಕಂಪನಿ. ಅಲ್ಲಿ ಬಾಡಿಗೆ ಕಟ್ಟಿ ಸುಸ್ತಾದ ಮೇಲೆ ಅವರಿಗೆ ಹಳ್ಳಿಗಳ ಮೇಲೆ ಪ್ರೀತಿ ಹುಟ್ಟಿತು. ಆಲೂರಿನಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ಕಾಫಿ ಮೂಟೆ ಇಡುತ್ತಿದ್ದ ಹಳೆಯ ಸ್ಟೋರ್ ಒಂದನ್ನು ಹಿಡಿದು, ಸುಣ್ಣ ಬಳಿದು, 'ಗ್ರಾಮೀಣ ಶ್ರೇಷ್ಠತಾ ಕೇಂದ್ರ' ಎಂದು ಬೋರ್ಡು ಹಾಕಿದರು. ಒಂಬತ್ತು ಜನ ಕೆಲಸಗಾರರು. ಶ್ರೇಷ್ಠತೆ ಬರುವ ಮೊದಲು ಕಾಫಿ ಹೊಟ್ಟಿನ ವಾಸನೆ ಹೋಗಬೇಕಿತ್ತು. ನಾನು ನಿವೃತ್ತಳಾಗುವವರೆಗೂ ಹೋಗಿರಲಿಲ್ಲ.

ಮುಖ್ಯ ಕಚೇರಿಯ ಹಾಜರಿ ವ್ಯವಸ್ಥೆಯಲ್ಲಿ ತಡವಾಗಿ ಬಂದವರು ಪಟ್ಟಿಯಿಂದ ಕಾರಣ ಆರಿಸಬೇಕಿತ್ತು. ಟ್ರಾಫಿಕ್ ಇತ್ತು, ಮೆಟ್ರೋ ಇತ್ತು, ಆನೆ ಇರಲಿಲ್ಲ. ನಮಗೆ ಇದ್ದದ್ದು ಅದೊಂದೇ ಕಾರಣ. ರಸ್ತೆ ಪಕ್ಕದ ತೋಟದಲ್ಲಿ ಆನೆ ನಿಂತರೆ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತರೆ ನಾವು ನಿಲ್ಲುತ್ತೇವೆ. ಎರಡು ವರ್ಷ ಪತ್ರ ಬರೆದ ಮೇಲೆ ಪಟ್ಟಿಗೆ ಹೊಸ ಸಾಲು ಸೇರಿತು: 'ದೊಡ್ಡ ಗಾತ್ರದ ಅಡಚಣೆ (ಸಾಮಾನ್ಯ)'. ಆನೆ ಎಂದೇ ಬರೆಯಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ಎಲ್ಲ ಶಾಖೆಗಳಿಗೂ ಹೊಂದುವ ಪದ ಬೇಕು ಎಂದು ಉತ್ತರ ಬಂತು.

ಹೀಗೆ ಎಲ್ಲದಕ್ಕೂ ಹೊಂದುವ ಪದ ಹುಡುಕುವುದರಲ್ಲಿ ನಮ್ಮ ಮ್ಯಾನೇಜರ್ ಪ್ರಸನ್ನ ಅವರನ್ನು ಮೀರಿಸುವವರಿರಲಿಲ್ಲ. ಹೆಸರಿಗೆ ತಕ್ಕ ಹಸನ್ಮುಖಿ. ಅವರಿಗೆ ಪ್ರಿಯವಾದ ಪದ 'ಜನರಿಕ್'.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಒಂದು ನಿಜವಾದ ಕಂಪ್ಯೂಟರಿನೊಳಗೆ ಹತ್ತಿಪ್ಪತ್ತು ವರ್ಚುಯಲ್ ಮಷೀನುಗಳು ಓಡುತ್ತವೆ. ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡಿರುತ್ತದೆ. ಅವುಗಳಲ್ಲಿ ಕೆಲವಕ್ಕೆ ಭದ್ರತಾ ಕಾರ್ಡು ಬೇಕಾಗುತ್ತದೆ. ಅಂಗೈಯಗಲದ ಈ ಕಾರ್ಡು ಒಂದು ಗುಟ್ಟಿನ ಕೀಲಿಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಕಾಗದ ಕೊಟ್ಟರೆ ಆ ಕೀಲಿಯಿಂದ ಸಹಿ ಮಾಡಿಕೊಡುತ್ತದೆ, ಕೀಲಿಯನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಕೇಳಿದಾಗ ಯಾರೂ ಊಹಿಸಲಾಗದ ಸಂಖ್ಯೆಯನ್ನೂ ಹೆಕ್ಕಿ ಕೊಡುತ್ತದೆ. ಇಲ್ಲದ ಮಷೀನಿಗೂ ಇರುವ ಕಾರ್ಡಿಗೂ ನಡುವೆ ನಿಂತು ಮಾತು ದಾಟಿಸುವ ತುಂಡು ಪ್ರೋಗ್ರಾಮೇ ಡ್ರೈವರ್.

ತೊಂದರೆ ಏನೆಂದರೆ ಕಾರ್ಡು ಮಾಡುವ ಪ್ರತಿ ಕಂಪನಿಯದೂ ಒಂದೊಂದು ಭಾಷೆ. ನಮ್ಮ ಮುಂದಿದ್ದದ್ದು ಮೂರು ಬಗೆ. ಹೇಳಿದ ಕೆಲಸ ಆಯಿತು ಎನ್ನಲು ಮೊದಲನೆಯದು ಸೊನ್ನೆ ಕಳಿಸುತ್ತಿತ್ತು. ಎರಡನೆಯದು ಒಂದು ಕಳಿಸುತ್ತಿತ್ತು. ಮೂರನೆಯದು ಏನೂ ಕಳಿಸುತ್ತಿರಲಿಲ್ಲ. ಸುಮ್ಮನಿದ್ದರೆ ಆಯಿತು ಎಂದು ತಿಳಿಯಬೇಕು. ಆಗದಿದ್ದಾಗಲೂ ಅದು ಸುಮ್ಮನೇ ಇರುತ್ತಿತ್ತು.

"ಮೂರಕ್ಕೂ ಒಂದೇ ಡ್ರೈವರ್ ಬೇಕು ಸುಮಿತ್ರಾ ಮೇಡಂ. ಜನರಿಕ್. ಮೂರರಲ್ಲೂ ಕಾಮನ್ ಆಗಿರೋದನ್ನ ಲಿಸ್ಟ್ ಮಾಡಿ, ಅದರ ಮೇಲೆ ಕಟ್ಟೋಣ," ಎಂದರು ಪ್ರಸನ್ನ.

ಮೂರರ ಕೈಪಿಡಿಗಳನ್ನೂ ಓದಿ ಪಟ್ಟಿ ಮಾಡಿದೆ. ಮೂರೂ ಕರೆಂಟು ಕೊಟ್ಟರೆ ಬಿಸಿಯಾಗುತ್ತವೆ ಎಂಬುದನ್ನು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ.

ಆಗ ಕಲಿತದ್ದನ್ನು ಹೊಸಬರಿಗೆ ಹೇಳಬೇಕು. ಕಾರ್ಡುಗಳಿಗೆ ಏನು ಬರುತ್ತದೆ ಎಂಬಲ್ಲಿಂದ ಹೊರಟರೆ ವಿನ್ಯಾಸ ಆಗುವುದಿಲ್ಲ. ಕೇಳುವವರಿಗೆ ಏನು ಬೇಕು ಎಂಬಲ್ಲಿಂದ ಹೊರಡಬೇಕು. ವರ್ಚುಯಲ್ ಮಷೀನಿಗೆ ಬೇಕಾದದ್ದು ಮೂರೇ ಮಾತು. ಇದಕ್ಕೆ ಸಹಿ ಹಾಕು. ಒಂದು ಸಂಖ್ಯೆ ಕೊಡು. ಇದ್ದೀಯಾ? ಈ ಮೂರು ಮಾತು ಬಲ್ಲ ಒಂದು ಮುಖವನ್ನು ಮೇಲೆ ಇಟ್ಟು, ಕೆಳಗೆ ಒಂದೊಂದು ಕಾರ್ಡಿಗೆ ಒಬ್ಬೊಬ್ಬ ದುಭಾಷಿಯನ್ನು ಇಟ್ಟರೆ ಕೆಲಸ ಮುಗಿಯಿತು. ನಾಲ್ಕನೇ ಕಂಪನಿ ಬಂದರೆ ಇನ್ನೊಬ್ಬ ದುಭಾಷಿ. ಮೇಲಿನ ಮುಖ ಹಾಗೇ ಇರುತ್ತದೆ. ಇಷ್ಟನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಮೊದಲ ಎರಡು ಮಾತಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಮೂರನೆಯದಕ್ಕೆ ಒಂದು ಮಧ್ಯಾಹ್ನ ಕೊಟ್ಟೆ.

ಬರೆದದ್ದನ್ನು ಪರೀಕ್ಷೆ ಮಾಡಲು ನಿಜವಾದ ಕಾರ್ಡು ಬೇಕಲ್ಲ. ಇಡೀ ಕಂಪನಿಯಲ್ಲಿ ಇದ್ದದ್ದು ಮೂರು, ಮೂರೂ ಮುಖ್ಯ ಕಚೇರಿಯ ಕಬ್ಬಿಣದ ಬೀರುವಿನಲ್ಲಿ. ಭದ್ರತೆಯ ಸಾಮಾನು, ಹಾಗಾಗಿ ಭದ್ರವಾಗಿ ಇಟ್ಟಿದ್ದರು. ಒಂದನ್ನು ಕಳಿಸಿ ಎಂದು ಬರೆದೆ. ಕಾರ್ಡು ಪಡೆಯುವವರು ಅದನ್ನು ಬಳಸಿ ಅನುಭವ ಇರುವವರಾಗಿರಬೇಕು ಎಂದರು. ಬಳಸಲು ಕೊಟ್ಟರೆ ಅನುಭವ ಬರುತ್ತದೆ ಎಂದೆ. ನಿಮ್ಮ ಸಲಹೆಯನ್ನು ಪರಿಶೀಲಿಸಲಾಗುವುದು ಎಂದರು. ಆರು ತಿಂಗಳ ಮೇಲೆ ಒಂದು ಪೆಟ್ಟಿಗೆ ಬಂತು. ಒಳಗೆ ಕಾರ್ಡಿನ ಬಣ್ಣದ ಫೋಟೋ, ಎರಡು ಬದಿಯದೂ.

ಅದಕ್ಕೆ ನಾನೇ ಒಂದು ಬೊಂಬೆ ಕಾರ್ಡು ಮಾಡಿದೆ. ಪ್ರೋಗ್ರಾಮಿನಲ್ಲಿ ಮಾಡಿದ್ದು. ಅದಕ್ಕೆ ಎಲ್ಲವೂ ಗೊತ್ತು ಎಂಬ ಭಾವ: ಸಹಿ ಹಾಕು ಎಂದರೆ ಯಾವುದೋ ಸುಳ್ಳು ಕೀಲಿಯಿಂದ ಹಾಕುತ್ತದೆ, ಇದ್ದೀಯಾ ಎಂದರೆ ಇದ್ದೀನಿ ಎನ್ನುತ್ತದೆ. ಸಂಖ್ಯೆ ಕೇಳಿದರೆ ಪ್ರತಿ ಸಲ ಶುರುವಾದಾಗಲೂ ಒಂದೇ ಸಂಖ್ಯೆಯಿಂದ ಹೊರಡುತ್ತದೆ. ಬೇಕೆಂದೇ ಹಾಗೆ ಮಾಡಿದ್ದು. ನಿನ್ನೆಯ ಪರೀಕ್ಷೆಯನ್ನೂ ಇವತ್ತಿನದನ್ನೂ ಹೋಲಿಸಿ ನೋಡಬೇಕಲ್ಲ. ಕಾರ್ಡು ಸಿಗದಿದ್ದರೆ ಡ್ರೈವರು ಸದ್ದಿಲ್ಲದೆ ಬೊಂಬೆಯ ಕಡೆ ತಿರುಗುವಂತೆ ಮಾಡಿ, ಪಕ್ಕದಲ್ಲಿ 'ಗ್ರಾಹಕರಿಗೆ ಕೊಡುವ ಮುಂಚೆ ತೆಗೆಯಬೇಕು' ಎಂದು ಟಿಪ್ಪಣಿ ಬರೆದೆ. ಟಿಪ್ಪಣಿ ಬರೆದವರು ಕೆಲಸ ಮುಗಿಸಿದಷ್ಟೇ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ನಾನೂ ಹೋದೆ.

ನಮ್ಮಲ್ಲಿ ಪರೀಕ್ಷೆಯ ಕೆಲಸ ಹೇಮಾಳದು. ಕೆ. ಹೊಸಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಎದುರಿಗೆ ಯಾರಿದ್ದಾರೆಂದು ನೋಡದೆ ಮಾತಾಡುವವಳು. ಕೊನೆಗೊಮ್ಮೆ ನಿಜವಾದ ಕಾರ್ಡು ಎರಡು ವಾರದ ಮಟ್ಟಿಗೆ ಬಂದಾಗ ಎಲ್ಲ ಪರೀಕ್ಷೆ ಮಾಡಿ, ಕೊನೆಯಲ್ಲಿ ಅದನ್ನು ಮಷೀನಿನಿಂದ ಕಿತ್ತು ಮೇಜಿನ ಮೇಲಿಟ್ಟಳು.

"ಅಕ್ಕಾ, ಕಾರ್ಡ್ ಇಲ್ಲಿ ಬಿದ್ದೈತೆ. ಅಲ್ಲಿ ಇನ್ನೂ ಪಾಸ್ ಪಾಸ್ ಅಂತಾನೇ ಬರ್ತಾ ಐತೆ."

ಅದನ್ನೇ ವರದಿಯಲ್ಲೂ ಬರೆದಳು: ಕಾರ್ಡು ಕಿತ್ತರೂ ನೂರಕ್ಕೆ ನೂರು ಪಾಸ್. ತೆಗೆಯಬೇಕು ಎಂದು ನಾನೂ ಪ್ರಸನ್ನ ಅವರಿಗೆ ಹೇಳಿದೆ. ಅವರು ವರದಿಯನ್ನು ಎರಡು ಸಲ ಓದಿ ಮುಗುಳ್ನಕ್ಕರು.

"ಕಾರ್ಡ್ ಕಿತ್ತರೂ ನಿಲ್ಲಲ್ಲ ಅಂದ್ರೆ ಎಷ್ಟು ರೋಬಸ್ಟ್ ನೋಡಿ. ಮುಂದಿನ ವಾರ ಮೇಲಿನವರು ಡೆಮೋ ನೋಡೋಕೆ ಬರ್ತಿದ್ದಾರೆ. ಈಗ ಏನನ್ನೂ ಮುಟ್ಟಬೇಡಿ."

ಡೆಮೋ ದಿವಸ ನಾಲ್ಕು ಸಲ ಕರೆಂಟು ಹೋಯಿತು. ಕಾರ್ಡು ಮೊದಲನೇ ಸಲಕ್ಕೇ ಬಾಯಿ ಮುಚ್ಚಿಕೊಂಡಿತು. ಡ್ರೈವರು ಮಾತ್ರ ಕರೆಂಟು ಬಂದಾಗಲೆಲ್ಲ ಒಂದು ಕ್ಷಣವೂ ತಡವರಿಸಲಿಲ್ಲ. ಮೇಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊರಡುವ ಮುಂಚೆ 'ಎಂದೂ ಸೋಲದ ಡ್ರೈವರ್' ಎಂದು ಅವರೇ ಹೆಸರಿಟ್ಟರು. ಹೆಸರಿಟ್ಟ ಮೇಲೆ ಬೊಂಬೆಯನ್ನು ತೆಗೆಯುವುದು ಹೇಗೆ? ನಾನೂ ಸುಮ್ಮನಾದೆ. ಆ ಚಪ್ಪಾಳೆಯಲ್ಲಿ ನನ್ನ ಪಾಲೂ ಇತ್ತು, ಅದನ್ನು ಮರೆಮಾಚಲಾರೆ.

ಮೊದಲ ಗ್ರಾಹಕರು ನಮ್ಮ ಕಡೆಯವರೇ. ಸಕಲೇಶಪುರದ ಕಡೆಯ ಬೆಳೆಗಾರರ ಕೂಟವೊಂದು ತನ್ನ ಸದಸ್ಯರ ಕಾಫಿಗೆ ಮೂಲ ಪತ್ರ ಕೊಡುತ್ತಿತ್ತು. ಈ ಮೂಟೆಗಳು ಇಂಥ ಎಸ್ಟೇಟಿನವು, ಇಂಥ ದಿನ ಸ್ಟೋರಿನಿಂದ ಹೊರಟವು ಎಂದು ಹೇಳುವ ಕಾಗದ. ಹೊರದೇಶದ ಖರೀದಿದಾರರು ಅದಿಲ್ಲದೆ ಮೂಟೆ ಮುಟ್ಟುವುದಿಲ್ಲ. ಪ್ರತಿ ಪತ್ರದ ಮೇಲೂ ಕಾರ್ಡು ಕೊಟ್ಟ ಹದಿನಾರು ಅಂಕಿಗಳ ಗುರುತು ಸಂಖ್ಯೆ, ಕೆಳಗೆ ಕಾರ್ಡು ಹಾಕಿದ ಸಹಿ. ಹೋಬಳಿಗೊಂದು ವರ್ಚುಯಲ್ ಮಷೀನು. ಹೆತ್ತೂರಿನದು ಒಂದು.

ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಕೂಟದವರು ಹೊಸ ಕಂಪ್ಯೂಟರ್ ತಂದು ಹೆತ್ತೂರಿನ ಮಷೀನನ್ನು ಅದಕ್ಕೆ ಸಾಗಿಸಿದರು. ವರ್ಚುಯಲ್ ಮಷೀನನ್ನು ಸಾಗಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಕಾರ್ಡು ತಾನಾಗಿ ಎದ್ದು ಹಿಂದೆ ಬರುವುದಿಲ್ಲ. ಅದು ಹಳೆಯ ಡಬ್ಬಿಯಲ್ಲೇ ಉಳಿಯಿತು. ಹೊಸ ಜಾಗದಲ್ಲಿ ಡ್ರೈವರು ಇದ್ದೀಯಾ ಎಂದು ಕೇಳಿತು. ಉತ್ತರ ಬರಲಿಲ್ಲ. ಯಾರಿಗೂ ಹೇಳದೆ ಬೊಂಬೆಯ ಕಡೆ ತಿರುಗಿತು. ಆ ಕೊಯ್ಲು ಶುರುವಾದಾಗಿನಿಂದ ಹೆತ್ತೂರಿನ ಕಾಫಿಗೆ ಸಹಿ ಹಾಕಿದ್ದು ನನ್ನ ಬೊಂಬೆ. ಆ ಸಹಿ ಸರಿಯಿದೆಯೇ ಎಂದು ನೋಡುವ ಪ್ರೋಗ್ರಾಮೂ ಅದೇ ಡ್ರೈವರನ್ನು ಕೇಳುತ್ತಿತ್ತು. ಬೊಂಬೆ ಹಾಕಿದ್ದನ್ನು ಬೊಂಬೆಯೇ ಸರಿ ಎನ್ನುತ್ತಿತ್ತು.

ಇದೆಲ್ಲ ನನಗೆ ತಿಳಿದದ್ದು ಒಬ್ಬ ಮನುಷ್ಯ ಎರಡು ಕಾಗದ ಹಿಡಿದು ನಮ್ಮ ಕೇಂದ್ರದ ಬಾಗಿಲಿಗೆ ಬಂದಾಗ.

ಬೆಳಗ್ಗೆ ಹನ್ನೊಂದರ ಹೊತ್ತು. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಹೆತ್ತೂರಿನ ಆಚೆಯ ಎಸ್ಟೇಟೊಂದರಲ್ಲಿ ರೈಟರ್ ಎಂದು ಪರಿಚಯ ಹೇಳಿಕೊಂಡರು, ಹೆಸರು ಪುಟ್ಟಸ್ವಾಮಿ. ಆಳುಗಳ ಹಾಜರಿ, ಕಾಫಿ ಹಣ್ಣಿನ ತೂಕ, ಸ್ಟೋರಿನ ಬೀಗದ ಕೈ, ಎಲ್ಲ ಇಪ್ಪತ್ತೆಂಟು ವರ್ಷದಿಂದ ಅವರ ಕೈಯಲ್ಲಿ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಎರಡೂ ಕಾಗದವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಮೇಡಂ, ಕಂಪ್ಯೂಟ್ರು ಒಂದೇ ನಂಬರ್ನ ಎರಡು ಸಲ ಕೊಡ್ತದಾ?"

ಹನ್ನೆರಡು ದಿನದ ಅಂತರದಲ್ಲಿ ಅದೇ ಎಸ್ಟೇಟಿನಿಂದ ಹೋದ ಎರಡು ಲೋಡುಗಳ ಮೂಲ ಪತ್ರಗಳವು. ಎರಡರ ಮೇಲೂ ಒಂದೇ ಗುರುತು ಸಂಖ್ಯೆ. ಏಳು ನಾಲ್ಕು ಒಂದು, ಎಂಟು ಐದು ಎರಡು, ಒಂಬತ್ತು ಆರು ಮೂರು ಎಂದು ಶುರುವಾಗುತ್ತಿತ್ತು. ನಿಮ್ಮ ಕೀಬೋರ್ಡಿನ ಬಲಗಡೆ ಅಂಕಿಗಳ ಮನೆ ಇದೆಯಲ್ಲ, ಅದರ ಮೇಲೆ ಬೆರಳನ್ನು ಮೇಲಿನಿಂದ ಕೆಳಗೆ ಮೂರು ಸಲ ಎಳೆದರೆ ಬರುವ ಸಂಖ್ಯೆ ಅದು. ಹಾಗೆ ಬೆರಳು ಎಳೆದವಳು ನಾನು.

"ಯಾಕೆ ಕೇಳ್ತಿದ್ದೀರಿ?" ಎಂದೆ.

"ಎರಡನೇ ಲೋಡ್ ವಾಪಸ್ ಬಂತು ಮೇಡಂ. ಕೂಟದೋರು ಕಂಪ್ಯೂಟ್ರು ತಪ್ಪು ಮಾಡಲ್ಲ ಅಂದ್ರು. ಅಂದ್ಮೇಲೆ ನಾನೇ ಮೊದಲ್ನೇ ಕಾಗದನ ಜೆರಾಕ್ಸ್ ಮಾಡ್ಸಿ, ತಾರೀಕು ತಿದ್ದಿ, ಎಲ್ಲಿಂದ್ಲೋ ತಂದ ಕಾಫಿನ ನಮ್ಮ ತೋಟದ್ದು ಅಂತ ಕಳಿಸಿರ್ಬೇಕು ಅಂತ ಆಯ್ತು. ತೋಟದ ಗೌಡ್ರು ಬೈಯ್ಲಿಲ್ಲ. ಬೀಗದ ಕೈ ಟೇಬಲ್ ಮೇಲೆ ಇಟ್ಟು ಹೋಗಿ ಅಂದ್ಬುಟ್ರು."

"ನೀವೇನು ಹೇಳಿದ್ರಿ?"

"ಹೇಳೋದೇನೈತೆ. ಇಟ್ಟೆ."

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಅದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಯಿಂದ ಬಂದದ್ದು, "ವಿಚಾರಿಸಿ ಹೇಳ್ತೀನಿ, ನಿಮ್ಮ ಫೋನ್ ನಂಬರ್ ಕೊಡಿ." ಅವರು ಕೆಂಪು ಪೆನ್ನಿನಲ್ಲಿ ದುಂಡಗೆ ಬರೆದುಕೊಟ್ಟು, ಕೈ ಮುಗಿದು, ನನ್ನನ್ನು ನಂಬಿ ಬಸ್ಸಿಗೆ ಹೋದರು.

ಅದೇ ದಿನ ಸಂಜೆ ಪ್ರಸನ್ನ ಅವರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖದಲ್ಲಿ ನಗು ಮಾಯವಾದದ್ದನ್ನು ನೋಡಿದ್ದು ಅದೊಂದೇ ಸಲ, ಅದೂ ಅರ್ಧ ನಿಮಿಷ.

"ಮೂಲ ಕಾರಣ ಏನು ಅಂತೀರಿ?" ಎಂದರು.

"ಬೊಂಬೆಯನ್ನ ನಾನು ತೆಗೆದಿರಲಿಲ್ಲ."

"ಅದು ಕಾರಣ ಅಲ್ಲ ಮೇಡಂ, ವಿವರ. ಕರೆಂಟ್ ಹೋಗಿ ಬಂದಾಗ ತಾನೇ ನಂಬರ್ ಮೊದಲಿಂದ ಶುರುವಾಗಿದ್ದು? ಹಾಗಾದ್ರೆ ಮೂಲ ಕಾರಣ ವಿದ್ಯುತ್ ಪೂರೈಕೆ."

ಕೂಟಕ್ಕೆ ಒಂದು ಪತ್ರ ಬರೆಯಬೇಕು ಎಂದು ತೀರ್ಮಾನವಾಯಿತು. ಮೊದಲ ಕರಡು ನನ್ನದು: 'ನಮ್ಮ ಡ್ರೈವರು ಕಾರ್ಡು ಇಲ್ಲದಿದ್ದಾಗ ಸುಳ್ಳು ಕಾರ್ಡನ್ನು ಬಳಸಿದೆ. ಪತ್ರಗಳ ಸಂಖ್ಯೆ ಮರುಕಳಿಸಿದ್ದು ನಮ್ಮ ತಪ್ಪು.' ಪ್ರಸನ್ನ ಅವರು 'ಸುಳ್ಳು' ಎಂಬುದನ್ನು 'ಪರ್ಯಾಯ' ಮಾಡಿದರು. ಮುಖ್ಯ ಕಚೇರಿಯವರು 'ತಪ್ಪು' ಎಂಬುದನ್ನು 'ಗಮನಿಸಲಾದ ಅಂಶ' ಮಾಡಿದರು. ವಕೀಲರು 'ನಮ್ಮ' ಎಂಬುದನ್ನು ತೆಗೆದರು. ಹದಿನೈದು ದಿನ ಓಡಾಡಿ ಪತ್ರ ನನ್ನ ಮೇಜಿಗೆ ವಾಪಸು ಬಂದಾಗ ಅದರಲ್ಲಿ ಉಳಿದದ್ದು ಒಂದೇ ಸಾಲು: 'ಅಪರೂಪದ ಸನ್ನಿವೇಶಗಳಲ್ಲಿ ಸಂಖ್ಯೆಗಳ ವೈವಿಧ್ಯ ಕಡಿಮೆಯಾಗಿ ತೋರಬಹುದು.' ಕೂಟದ ಕಾರ್ಯದರ್ಶಿ ಅದನ್ನು ಓದಿ, ಸಂಖ್ಯೆಗಳ ವೈವಿಧ್ಯದ ಬಗ್ಗೆ ಕಾಳಜಿ ತೋರಿದ್ದಕ್ಕೆ ಧನ್ಯವಾದ ಎಂದು ಉತ್ತರ ಬರೆದರು.

ಆ ಹದಿನೈದು ದಿನ ನಾನು ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಊಟ ಮಾಡಿದೆ, ನಿದ್ದೆ ಮಾಡಿದೆ, ಕರಡು ತಿದ್ದಿದೆ. ಪುಟ್ಟಸ್ವಾಮಿಯವರ ನಂಬರು ಬರೆದ ಚೀಟಿಯನ್ನು ಡ್ರಾಯರಿನ ಒಳಗೆ ಹಾಕಿದೆ. ಅವರು ಒಂದು ಸಲ ಫೋನು ಮಾಡಿದರು. ಇನ್ನೂ ವಿಚಾರಣೆ ನಡೀತಾ ಇದೆ ಎಂದೆ. "ಆಗ್ಲಿ ಮೇಡಂ, ನಿಧಾನಕ್ಕೆ ನೋಡಿ," ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ಒಂದು ಬೆಳಗ್ಗೆ ಹೇಮಾ ಬ್ಯಾಗು ಕೆಳಗಿಡುವ ಮೊದಲೇ ನನ್ನ ಮೇಜಿಗೆ ಬಂದಳು.

"ಅಕ್ಕಾ, ಆ ರೈಟ್ರು ನಮ್ಮೂರಲ್ಲೇ ಅವ್ರೆ. ತಂಗಿ ಮನೇಲಿ ಇದ್ಕಂಡು ಶುಂಠಿ ವ್ಯಾಪಾರದೋರ ಹತ್ರ ತೂಕ ಹಾಕ್ತಾವ್ರೆ. ನಿನ್ನೆ ಬಸ್ ಸ್ಟಾಂಡಲ್ಲಿ ಸಿಕ್ಕಿದ್ರು. ನಿಮ್ಮ ಮೇಡಂ ಒಳ್ಳೇರು, ನಂಗೋಸ್ಕರ ವಿಚಾರಿಸ್ತಾವ್ರೆ ಅಂದ್ರು."

ಅಷ್ಟು ಹೇಳಿ ತನ್ನ ಜಾಗಕ್ಕೆ ಹೋದಳು.

ನಾನು ರಜೆ ಹಾಕಿ ಮಧ್ಯಾಹ್ನದ ಬಸ್ಸು ಹಿಡಿದೆ. ಶುಂಠಿ ಅಂಗಡಿಯ ಮುಂದೆ ಅವರು ಅದೇ ಇಸ್ತ್ರಿ ಅಂಗಿಯಲ್ಲಿ, ಮಣ್ಣು ಮೆತ್ತಿದ ಚೀಲಗಳ ನಡುವೆ ನಿಂತಿದ್ದರು. ಪಕ್ಕಕ್ಕೆ ಕರೆದು ಇದ್ದದ್ದನ್ನೆಲ್ಲ ಹೇಳಿದೆ. ಬೊಂಬೆ ಕಾರ್ಡು, ಬೆರಳು ಎಳೆದದ್ದು, ಅವರು ಬಾಗಿಲಿಗೆ ಬಂದ ದಿನವೇ ನನಗೆ ತಿಳಿದಿದ್ದದ್ದು. ಅವರು ನೆಲ ನೋಡುತ್ತ ಕೇಳಿಸಿಕೊಂಡರು.

"ಅವತ್ತೇ ಗೊತ್ತಿತ್ತಾ?"

"ಹೂಂ."

ಅಂಗಡಿಯವರು ಕರೆದರೂ ತಿರುಗಲಿಲ್ಲ.

"ನಂಗ್ ಹೇಳಿ ಏನ್ ಬಂತು ಮೇಡಂ. ನಾನ್ ಕದ್ದಿಲ್ಲ ಅನ್ನೋದು ನಂಗ್ ಗೊತ್ತೇ ಐತೆ. ಅಲ್ಲಿಗ್ ಬಂದ್ ಹೇಳಿ."

"ಗೌಡರಿಗೆ ಹೇಳ್ತೀನಿ."

"ಗೌಡ್ರಿಗೊಬ್ರಿಗಲ್ಲ. ಲೈನ್ ಮನೆ ಆಳುಗಳ ಮುಂದೆ ಹೇಳ್ಬೇಕು. ಇಪ್ಪತ್ತೆಂಟು ವರ್ಷ ಅವ್ರ ಹಣ್ಣು ನಾನ್ ತೂಗಿದ್ದೀನಿ. ಈ ನನ್ಮಗ ನಮ್ಮ ತೂಕದಲ್ಲೂ ಹಿಂಗೇ ಮಾಡಿರ್ಬೇಕು ಅಂತ ಅವ್ರು ಮಾತಾಡ್ಕಳ್ತಾವ್ರೆ. ಬರ್ದೂ ಕೊಡ್ಬೇಕು. ಕಂಪ್ಯೂಟ್ರಲ್ಲಿ ಬೇಡ. ಕೈಯಲ್ಲಿ ಬರ್ದು ಸೈನ್ ಹಾಕಿ ಕೊಡಿ."

ಒಪ್ಪಿದೆ. ಮನೆಗೆ ಬಂದು ಬರೆಯಲು ಕುಳಿತಾಗ ಗೊತ್ತಾಯಿತು, ಕೈಯಲ್ಲಿ ಒಂದು ಪುಟ ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ವಕೀಲರಿಲ್ಲದ ಪತ್ರ ಅರ್ಧ ಗಂಟೆಯಲ್ಲಿ ಮುಗಿಯಿತು.

ಶನಿವಾರ ಇಬ್ಬರೂ ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಹೆತ್ತೂರಿಗೆ ಹೋದೆವು. ಎಸ್ಟೇಟ್ ತಲುಪಿದಾಗ ನಾಲ್ಕೂವರೆ, ದಿನದ ಹಣ್ಣು ತೂಗುವ ಹೊತ್ತು. ಸ್ಟೋರಿನ ಮುಂದೆ ಮೂವತ್ತು ನಲವತ್ತು ಜನ ಚೀಲ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಪುಟ್ಟಸ್ವಾಮಿಯವರನ್ನು ಕಂಡು ಮಾತು ನಿಂತಿತು. ಮಾಲೀಕರಾದ ಶಾಂತೇಗೌಡರು ತಕ್ಕಡಿಯ ಪಕ್ಕ ತಾವೇ ಪುಸ್ತಕ ಹಿಡಿದು ನಿಂತಿದ್ದರು. ಅವರು ಬರೆದ ಅಂಕಿಗಳಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿ ಮತ್ತೆ ಬರೆದವು.

ನಾನು ಯಾರೆಂದು ಹೇಳಿ, ಲ್ಯಾಪ್‌ಟಾಪನ್ನು ಜಗಲಿಯ ಮೇಲೆ ತೆರೆದೆ. ಹೆತ್ತೂರಿನ ಮಷೀನಿನ ನಕಲನ್ನು ಅದರಲ್ಲಿ ಹಾಕಿಕೊಂಡು ಬಂದಿದ್ದೆ. ಶುರು ಮಾಡಿ ಒಂದು ಪತ್ರ ಕೇಳಿದೆ. ಏಳು ನಾಲ್ಕು ಒಂದು. ನಿಲ್ಲಿಸಿ ಮತ್ತೆ ಶುರು ಮಾಡಿದೆ. ಏಳು ನಾಲ್ಕು ಒಂದು. ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿ, "ಇನ್ನೊಂದ್ಸಲ ಮಾಡಿ," ಎಂದರು. ಮಾಡಿದೆ. ಅದೇ.

"ಅಂದ್ರೆ ನಮ್ಮ ರೈಟ್ರು ಕಳ್ಳ ಅಲ್ಲ, ನಿಮ್ಮ ಡಬ್ಬಿ ಕಳ್ಳ."

"ಡಬ್ಬಿದೇನೂ ತಪ್ಪಿಲ್ಲ ಸರ್. ಅದಕ್ಕೆ ಸುಳ್ಳು ಹೇಳೋಕೆ ಕಲಿಸಿದ್ದು ನಾನು."

ಆಮೇಲೆ ತಂದಿದ್ದ ಕಾಗದವನ್ನು ಎಲ್ಲರ ಎದುರಿಗೆ ಓದಿದೆ. ಎರಡು ಪತ್ರಕ್ಕೂ ಒಂದೇ ನಂಬರು ಬಂದದ್ದು ನಾನು ಮಾಡಿದ ತಪ್ಪಿನಿಂದ. ಪುಟ್ಟಸ್ವಾಮಿಯವರು ಯಾವ ಕಾಗದವನ್ನೂ ತಿದ್ದಿಲ್ಲ. ಅವರ ಮೇಲೆ ಬಂದ ಮಾತು ಪೂರ್ತಿ ಸುಳ್ಳು. ಸೈನ್ ಹಾಕಿ ಅವರ ಕೈಗೆ ಕೊಟ್ಟೆ. ಅವರು ಒಂದೊಂದೇ ಸಾಲು ಬೆರಳಿಟ್ಟು ಓದಿ, ತಾರೀಕು ಬಿಟ್ಟುಹೋಗಿದೆ ಎಂದರು. ಹಾಕಿದೆ.

ಸಾಲಿನ ಮುಂದೆ ಕುಳಿತಿದ್ದ ಹೆಂಗಸೊಬ್ಬರು ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದರು. ಲಕ್ಷ್ಮಮ್ಮ ಎಂದು ಹೆಸರು, ಆ ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು.

"ಅಮ್ಮಾ, ಇದ ನೀವು ಯಾವತ್ತು ಕಂಡಿದ್ದು?"

"ಅವರು ಬಂದು ಕಾಗದ ತೋರಿಸಿದ ದಿನವೇ."

"ಎಷ್ಟ್ ದಿನ ಆಯ್ತು?"

"ಹತ್ತೊಂಬತ್ತು ದಿನ."

"ಹೇಳಕ್ಕೆ ಎಷ್ಟೊತ್ತು ಬೇಕಾಯ್ತು? ಈಗ ಹೇಳಿದ್ರಲ್ಲ, ಅಷ್ಟೇ ಅಲ್ವಾ?"

ಅಷ್ಟೇ ಎಂದೆ. ನನ್ನ ಇಡೀ ಉದ್ಯೋಗದಲ್ಲಿ ನನ್ನನ್ನು ಪರಿಶೀಲನೆಗೆ ಕೂರಿಸಿದ ಸಮಿತಿಗಳು ಎಷ್ಟೋ ಇವೆ. ಲಕ್ಷ್ಮಮ್ಮನ ಮುಂದೆ ನಿಂತಷ್ಟು ಹೊತ್ತು ಯಾವುದರ ಮುಂದೆಯೂ ನಿಂತಂತೆ ಅನಿಸಿಲ್ಲ. ಗಡಿಯಾರದಲ್ಲಿ ಅದು ಒಂದು ನಿಮಿಷವೂ ಇರಲಿಕ್ಕಿಲ್ಲ.

ಶಾಂತೇಗೌಡರು ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು, "ತಗೊಳ್ಳಿ ಪುಟ್ಟಸ್ವಾಮಿ. ಮನಸಿನಾಗೆ ಇಟ್ಕಬೇಡಿ," ಎಂದರು. ಪುಟ್ಟಸ್ವಾಮಿಯವರು ಕೈ ಚಾಚಲಿಲ್ಲ. ತೂಕದ ಪುಸ್ತಕವನ್ನು ಗೌಡರ ಕೈಯಿಂದ ಇಸಿದುಕೊಂಡು, ಆ ಪುಟ ನೋಡಿ, "ಇದೇನ್ರೀ ಹಿಂಗ್ ಬರ್ದಿದ್ದೀರಾ," ಎಂದು ಹೊಸ ಪುಟ ತಿರುಗಿಸಿ, ಮೊದಲ ಚೀಲವನ್ನು ತಕ್ಕಡಿಗೆ ಹಾಕಿಸಿದರು. ಬೀಗದ ಕೈಯನ್ನು ಅವರು ತೆಗೆದುಕೊಂಡದ್ದು ಸೋಮವಾರ ಎಂದು ಆಮೇಲೆ ಕೇಳಿದೆ. ಭಾನುವಾರವಿಡೀ ಗೌಡರೇ ಸ್ಟೋರ್ ಕಾಯಲಿ ಎಂದಿದ್ದರಂತೆ.

ನನ್ನ ಕೆಲಸ ಹೋಗುತ್ತದೆ ಎಂದೇ ಇದ್ದೆ. ಆ ಕಾಗದದ ಫೋಟೋ, ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಓಡಾಡಿ ಮುಖ್ಯ ಕಚೇರಿಗೂ ತಲುಪಿತು. ಮೊದಲ ವಾರ ಅಲ್ಲಿ ಯಾರೂ ನನ್ನ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಕೂಟದವರು, ಇಷ್ಟು ನೇರವಾಗಿ ಒಪ್ಪಿಕೊಳ್ಳುವ ಕಂಪನಿ ಅಪರೂಪ ಎಂದು ಬರೆದರು. ಕಂಪನಿಗೆ ತಾನು ನೇರವಂತ ಎಂದು ತಿಳಿದದ್ದು ಆಗಲೇ. ಅನುಮತಿ ಇಲ್ಲದೆ ಹೊರಗೆ ಮಾತಾಡಿದ್ದಕ್ಕೆ ಎಚ್ಚರಿಕೆಯ ಪತ್ರ, ಪಾರದರ್ಶಕತೆಗೆ ಪ್ರಶಂಸಾ ಪತ್ರ, ಎರಡೂ ನನಗೆ ಒಂದೇ ಲಕೋಟೆಯಲ್ಲಿ ಬಂದವು.

ಬೊಂಬೆಯನ್ನು ತೆಗೆದೆ. ಪರೀಕ್ಷೆಗೆಂದು ಬೇರೆಯೇ ಕಟ್ಟಿನಲ್ಲಿ ಇಟ್ಟು, ಗ್ರಾಹಕರಿಗೆ ಹೋಗುವ ಕಟ್ಟಿನೊಳಗೆ ಅದು ಸೇರಲು ದಾರಿಯೇ ಇಲ್ಲದಂತೆ ಮಾಡಿದೆ. ಕಾರ್ಡು ಉತ್ತರ ಕೊಡದಿದ್ದರೆ ಡ್ರೈವರು ಈಗ ನಿಲ್ಲುತ್ತದೆ, ಯಾಕೆ ನಿಂತೆ ಎಂದು ಕನ್ನಡದಲ್ಲಿ ಹೇಳುತ್ತದೆ. ಕಾರ್ಡು ಕಿತ್ತು ನೋಡುವ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಅದರ ಹೆಸರು ಹೇಮಾ ಪರೀಕ್ಷೆ ಎಂದೇ ಉಳಿದಿದೆ. ಹೊಸ ಡ್ರೈವರನ್ನು ಗ್ರಾಹಕರಿಗೆ ಕಳಿಸಿದ ವಾರದಲ್ಲೇ ಐದು ದೂರು ಬಂದವು: ಹಳೆಯದು ಎಂದೂ ನಿಲ್ಲುತ್ತಿರಲಿಲ್ಲ, ಇದು ನಿಲ್ಲುತ್ತದೆ. ಪ್ರಸನ್ನ ಅವರು ಒಂದು ದಿನ ಯೋಚಿಸಿ, 'ಸ್ವಯಂ ನಿಲುಗಡೆ ಸೌಲಭ್ಯ' ಎಂದು ಹೆಸರಿಟ್ಟು ಅದನ್ನು ಕೈಪಿಡಿಯ ಮೊದಲ ಪುಟಕ್ಕೆ ಹಾಕಿದರು. ದೂರು ನಿಂತವು.

ನಿವೃತ್ತಿಗೆ ಒಂದು ವಾರ ಮೊದಲು ಪುಟ್ಟಸ್ವಾಮಿಯವರು ಕೇಂದ್ರಕ್ಕೆ ಬಂದರು. ಅರ್ಧ ಕೇಜಿ ಕಾಫಿ ಪುಡಿ, ಒಂದು ಗೊಂಚಲು ಕಿತ್ತಳೆ ಬಣ್ಣದ ಹೂವು. ಈ ಸಲ ಕುರ್ಚಿಯಲ್ಲಿ ಕೂತರು. ಪತ್ರಗಳೆಲ್ಲ ಸರಿಯಾಗಿ ಬರುತ್ತಿವೆಯಂತೆ. ಆದರೂ ಪ್ರತಿ ಪತ್ರದ ಸಂಖ್ಯೆಯನ್ನೂ ಅವರು ನೋಟ್‌ಪುಸ್ತಕದಲ್ಲಿ ಬರೆದು, ಹಿಂದಿನವುಗಳ ಜೊತೆ ಹೋಲಿಸಿ ನೋಡುತ್ತಾರಂತೆ. ಹಾಗೆ ಮಾಡುವ ಅಗತ್ಯ ಈಗ ಇಲ್ಲ ಎಂದು ನಾನು ಹೇಳಲಿಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಮಾತ್ರ ಕೇಳಿದೆ.

"ನನ್ನ ಮೇಲೆ ಇನ್ನೂ ಬೇಸರ ಐತಾ?"

"ಅಯ್ಯೋ, ಎಂಥ ಬೇಸ್ರ ಮೇಡಂ. ಅದೆಲ್ಲ ಆಗಿ ಹೋಯ್ತು." ಅಂಗಿಯ ಒಳಜೇಬಿಗೆ ಕೈ ಹಾಕಿ ಏನೋ ಹೊರತೆಗೆದರು. ನಾನು ಬರೆದುಕೊಟ್ಟ ಕಾಗದ. ಲ್ಯಾಮಿನೇಷನ್ ಮಾಡಿಸಿ, ಮಡಿಸಲು ಬರುವಂತೆ ನಡುವೆ ಗೆರೆ ಬಿಡಿಸಿದ್ದರು.

"ಇದ ಮಾತ್ರ ಯಾವಾಗ್ಲೂ ಜೊತೇಲೇ ಇಟ್ಕಂಡಿರ್ತೀನಿ. ನೀವೇನೋ ರಿಟೈರ್ ಆಯ್ತೀರಿ. ಕಂಪ್ಯೂಟ್ರು ಆಗಲ್ವಲ್ಲ."